ಡ್ರಾ ಆಗುವುದು ಓಪನಿಂಗಿನಿಂದಲ್ಲ, ತಂಗಿ

ತಂಗಿ,

ಹೋದ ಭಾನುವಾರ ಬಹುಮಾನ ಹಂಚುವ ಗದ್ದಲದಲ್ಲಿ ನೀನು ಕೇಳಿದ ಪ್ರಶ್ನೆಗೆ ನಿಂತ ಕಾಲಮೇಲೆ ಉತ್ತರ ಹೇಳಲು ಮನಸ್ಸಾಗಲಿಲ್ಲ. “ಕಾಕಾ, ಈ ಲಂಡನ್ ಸಿಸ್ಟಮ್ ಬಿಟ್ಟ ಬಿಡ್ಲೇನ್ರಿ? ಸೋಲೂದಿಲ್ಲ ಖರೆ, ಆದ್ರ ಗೆಲ್ಲೂದೂ ಇಲ್ಲ. ಬರೇ ಡ್ರಾ ಆಗ್ತಾವ” ಅಂದೆ. ಪಕ್ಕದಲ್ಲಿದ್ದ ಬಬಲೇಶ್ವರದ ಹುಡುಗ, “ನನ್ನಂಗ ಗ್ಯಾಂಬಿಟ್ ಆಡು, ಹದಿನೈದ ನಡೀಗೆ ಮುಗದ ಹೋಗ್ತದ” ಅಂದ. ಜಾಣ ಹುಡುಗ, ಎದೆಗಾರ. ಅವನ ಆಟ ನೋಡುವುದು ನನಗೂ ಇಷ್ಟ. ಆದರೆ ಆ ಸಲಹೆ ನಿನಗೆ ಬೇಡ. ಯಾಕೆ ಬೇಡ ಎಂಬುದನ್ನು ಸಾವಕಾಶವಾಗಿ ಬರೆಯುತ್ತಿದ್ದೇನೆ. ಬೋರ್ಡ್ ಪಕ್ಕದಲ್ಲಿಟ್ಟುಕೊಂಡು ಓದು. ಮೂಲೆಯಲ್ಲಿ ನಿಲ್ಲುವುದನ್ನು ಆನೆ, ಓರೆಯಾಗಿ ಓಡುವುದನ್ನು ಒಂಟೆ ಎಂದೇ ಕರೆಯುತ್ತೇನೆ, ನಮ್ಮ ಮನೆಗಳಲ್ಲಿ ಆಡಿಕೊಂಡು ಬಂದಂತೆ.

ನೀನು ಕೊಟ್ಟುಹೋದ ಸ್ಕೋರ್‌ಶೀಟುಗಳನ್ನು ಒಂದೊಂದಾಗಿ ಆಡಿ ನೋಡಿದೆ. ಹತ್ತನೇ ನಡೆಯವರೆಗೆ ಒಂದು ಕಡೆಯೂ ಬೆರಳು ತೋರಿಸುವಂತಿಲ್ಲ. ಡಿ4, ಒಂಟೆ ಎಫ್4ಕ್ಕೆ, ಇ3, ಸಿ3, ಎರಡೂ ಕುದುರೆ ಹೊರಗೆ, ಒಂಟೆ ಡಿ3ಕ್ಕೆ, ಕ್ಯಾಸಲಿಂಗ್. ರಾಜ ಭದ್ರ, ಯಾವ ಪ್ಯಾದೆಯೂ ಬಿಡಿಯಾಗಿಲ್ಲ. ಹನ್ನೊಂದರಿಂದ ಮುಂದಿನದನ್ನು ಓದು. ನಾಲ್ಕನೇ ಸುತ್ತಿನಲ್ಲಿ ಆನೆ ಇ1ಕ್ಕೆ ಬಂತು, ಎರಡು ನಡೆ ಬಿಟ್ಟು ಡಿ1ಕ್ಕೆ ಹೋಯಿತು, ಮತ್ತೆ ಇ1ಕ್ಕೆ ಮರಳಿತು. ರಾಜ ಎಚ್1ಕ್ಕೆ ಹೋಗಿ ಜಿ1ಕ್ಕೆ ಬಂದ. ಎದುರಾಳಿ ಕುದುರೆ ಅದಲುಬದಲು ಕೇಳಿದ, ಕೊಟ್ಟೆ. ಒಂಟೆ ಕೇಳಿದ, ಕೊಟ್ಟೆ. ಬೋರ್ಡ್ ಬರಿದಾಯಿತು, ಕೈ ಕುಲುಕಿದಿರಿ. ಡ್ರಾ ಆಗಿದ್ದು ಲಂಡನ್ ಸಿಸ್ಟಮಿನಿಂದಲ್ಲ. ಹತ್ತನೇ ನಡೆಗೆ ನಿನ್ನ ಓಪನಿಂಗ್ ಮುಗಿಯಿತು, ಅಲ್ಲಿಗೇ ನಿನ್ನ ಯೋಚನೆಯೂ ಮುಗಿಯಿತು. ಅದರಿಂದ.

ನಿಮ್ಮ ತಿಕೋಟಾ ತೋಟದ ಲೆಕ್ಕದಲ್ಲೇ ಹೇಳುತ್ತೇನೆ. ದ್ರಾಕ್ಷಿಗೆ ವರ್ಷಕ್ಕೆ ಎರಡು ಚಾಟ್ನಿ, ಎರಡು ಸಲ ಕಡ್ಡಿ ಕತ್ತರಿಸುವುದು. ಏಪ್ರಿಲ್ ಚಾಟ್ನಿಯಿಂದ ಒಂದು ಕಾಯಿಯೂ ಕೈಗೆ ಬರುವುದಿಲ್ಲ. ಆದರೆ ಆಗ ಬೆಳೆದ ಕಡ್ಡಿಯಲ್ಲೇ ಮುಂದಿನ ಹಣ್ಣಿನ ಕಣ್ಣು ಕಟ್ಟುತ್ತದೆ. ಅಕ್ಟೋಬರಿನಲ್ಲಿ ಎಲ್ಲಿ ಕತ್ತರಿಸಬೇಕು ಎಂದು ನಿನ್ನ ಅಪ್ಪ ತೀರ್ಮಾನಿಸುವುದು ಆ ಕಣ್ಣನ್ನು ಗುರುತಿಸಿ. ಗಟ್ಟಿ ಓಪನಿಂಗ್ ಏಪ್ರಿಲ್ ಚಾಟ್ನಿ. ನೀನು ಅದನ್ನು ಚೆನ್ನಾಗಿ ಮಾಡುತ್ತೀಯ. ಅಕ್ಟೋಬರಿನ ಕೆಲಸಕ್ಕೆ ಕೈ ಹಾಕುತ್ತಿಲ್ಲ.

ಕಣ್ಣು ಎಲ್ಲಿದೆ? ಪ್ಯಾದೆಗಳ ಸಾಲಿನಲ್ಲಿ. ಫ್ರಾನ್ಸಿನ ಫಿಲಿಡೋರ್ 1749ರಲ್ಲಿ ಬರೆದ ಪುಸ್ತಕದಲ್ಲೇ ಪ್ಯಾದೆಯನ್ನು ಆಟದ ಜೀವಾಳ ಎಂದಿದ್ದ. ಕುದುರೆ, ಒಂಟೆ ಇವತ್ತು ಇಲ್ಲಿ, ನಾಳೆ ಅಲ್ಲಿ. ಪ್ಯಾದೆ ಹಿಂದಕ್ಕೆ ಬರುವುದಿಲ್ಲ. ಅದಕ್ಕೇ ಅದು ನಿಂತ ಜಾಗ ನೋಡಿ ಯೋಜನೆ ಹಾಕಬಹುದು.

ನಿನ್ನ ಲಂಡನ್ ಆಟಗಳಲ್ಲಿ ಹೆಚ್ಚಿನವು ಒಂದೇ ಕವಲಿಗೆ ಬರುತ್ತವೆ. ಕಪ್ಪಿನವನು ಸಿ5 ದೂಡುತ್ತಾನೆ, ಆಮೇಲೆ ಆ ಪ್ಯಾದೆಯಿಂದ ನಿನ್ನ ಡಿ4 ಪ್ಯಾದೆಯನ್ನು ಹೊಡೆಯುತ್ತಾನೆ. ಯಾವುದರಿಂದ ಮರಳಿ ಹೊಡೆಯುತ್ತೀಯ? ಎರಡನೇ ಸುತ್ತಿನಲ್ಲಿ ಸಿ ಪ್ಯಾದೆಯಿಂದ ಹೊಡೆದೆ. ಆ ಕ್ಷಣಕ್ಕೆ ಎರಡೂ ಕಡೆಯ ಪ್ಯಾದೆಗಳು ಕನ್ನಡಿಯಲ್ಲಿ ನೋಡಿದ ಹಾಗಾದವು. ಇಬ್ಬರಿಗೂ ತೆರೆದದ್ದು ಒಂದೇ ಸಾಲು, ಅಲ್ಲಿ ಆನೆಗೆ ಆನೆ ಎದುರಾಗಿ ಎಲ್ಲ ಹೊಡೆದಾಡಿ ಮುಗಿಯಿತು. ಇ ಪ್ಯಾದೆಯಿಂದ ಹೊಡೆ. ಆಗ ನಿನಗೆ ಎ2, ಬಿ2, ಸಿ3, ಡಿ4 ಮತ್ತು ರಾಜನ ಮುಂದಿನ ಮೂರು. ಅವನಿಗೆ ಎ7, ಬಿ7, ಡಿ5, ಇ6 ಮತ್ತು ಅವನ ರಾಜನ ಮುಂದಿನ ಮೂರು. ಇಬ್ಬರಿಗೂ ಏಳೇಳು, ಆದರೆ ಆಕಾರ ಬೇರೆ. ನಿನಗೆ ಇ ಸಾಲು ತೆರೆದಿದೆ, ಅವನಿಗೆ ಸಿ ಸಾಲು. ಡಿ4 ಪ್ಯಾದೆಯ ಬಲದಿಂದ ನಿನ್ನ ಕುದುರೆಗೆ ಇ5ರಲ್ಲಿ ಗಟ್ಟಿ ಠಾಣೆ. ಅವನಿಗೆ ನಿನ್ನ ಸಿ3 ಪ್ಯಾದೆಯ ಮೇಲೆ ಕಣ್ಣು. ಗೆಲುವಿನ ದಾರಿ ಇಬ್ಬರಿಗೂ ಇದೆ. ಮೊದಲು ನಡೆದವರದ್ದು ಅದು.

ಇದೇ ಆಕಾರದಿಂದ ಬಾಬಿ ಫಿಶರ್ 1970ರಲ್ಲಿ ಬೆಲ್‌ಗ್ರೇಡಿನಲ್ಲಿ ಟಿಗ್ರಾನ್ ಪೆಟ್ರೋಸಿಯನ್‌ನನ್ನು ಸೋಲಿಸಿದ. ಸೋವಿಯತ್ ದೇಶದ ತಂಡ ಒಂದು ಕಡೆ, ಉಳಿದ ಜಗತ್ತಿನ ತಂಡ ಇನ್ನೊಂದು ಕಡೆ ಕೂತು ಆಡಿದ ಪಂದ್ಯ ಅದು. ಪೆಟ್ರೋಸಿಯನ್ ಕಾರೋ-ಕಾನ್ ಆಡಿದ, ಫಿಶರ್ ಪ್ಯಾದೆ ಅದಲುಬದಲು ಮಾಡಿಕೊಂಡು ಒಂಟೆ ಡಿ3ಕ್ಕೆ, ಸಿ3, ಇನ್ನೊಂದು ಒಂಟೆ ಎಫ್4ಕ್ಕೆ ತಂದ. ಓಪನಿಂಗಿನ ಹೆಸರು ಬೇರೆ, ಆದರೆ ಬೋರ್ಡ್ ಮೇಲೆ ನಿನ್ನ ಲಂಡನ್ನೇ. ಹನ್ನೊಂದನೇ ನಡೆಗೆ ಫಿಶರ್ ಎ4 ಆಡಿದ. ದಾಳಿ ರಾಜನ ಕಡೆ ಮಾಡಬೇಕಾದವನು ಆ ತುದಿಯ ಪ್ಯಾದೆಯನ್ನು ಯಾಕೆ ದೂಡಿದ? ಪೆಟ್ರೋಸಿಯನ್ ತನ್ನ ಒಂಟೆಯನ್ನು ಬಿ5ಕ್ಕೆ ತಂದು ಫಿಶರನ ಡಿ3 ಒಂಟೆಯ ಜತೆ ಬದಲಾಯಿಸಿಕೊಳ್ಳಬೇಕೆಂದಿದ್ದ. ಕಪ್ಪು ರಾಜನ ಕಡೆ ಗುರಿಯಿಟ್ಟ ಒಂಟೆ ಅದು. ಅದು ಹೋದರೆ ದಾಳಿಯ ಅರ್ಧ ಬಲ ಹೋದಂತೆ. ಒಂದು ಪ್ಯಾದೆ ನಡೆಯಿಂದ ಫಿಶರ್ ಆ ದಾರಿ ಮುಚ್ಚಿದ. ಆಮೇಲೆ ಕುದುರೆ ಇ5ಕ್ಕೆ, ಎಫ್4, ಎಫ್5. ಮೂವತ್ತೊಂಬತ್ತನೇ ನಡೆಗೆ ಆಟ ಮುಗಿಯಿತು. ಪೆಟ್ರೋಸಿಯನ್ ಆ ಕಾಲದಲ್ಲಿ ಸೋಲಿಸಲು ಅತಿ ಕಷ್ಟದ ಆಟಗಾರ ಎಂದು ಹೆಸರಾದವನು.

ನಾಲ್ಕನೇ ಸುತ್ತಿನಲ್ಲಿ ಎದುರಾಳಿ ಒಂಟೆ ಕೇಳಿದಾಗ ಕೊಟ್ಟೆಯಲ್ಲ, ಅದು ಈ ಡಿ3 ಒಂಟೆಯೇ.

ಇನ್ನೊಂದು ಆಟ ನಿನ್ನ ಕಾಲದ್ದು, ನೀನು ಮೊಬೈಲಿನಲ್ಲಿ ನೋಡಿರಲೂಬಹುದು. 2023ರ ಏಪ್ರಿಲ್ 16, ಅಸ್ತಾನಾ. ವಿಶ್ವ ಚಾಂಪಿಯನ್‌ಶಿಪ್ಪಿನ ಆರನೇ ಆಟ. ಡಿಂಗ್ ಲಿರೆನ್ ಒಂದು ಅಂಕ ಹಿಂದೆ ಇದ್ದ. ಗೆಲ್ಲಬೇಕಾದ ಹೊತ್ತಿನಲ್ಲಿ ಆತ ನೆಪೋಮ್ನಿಯಾಶಿಯ ಎದುರು ಗ್ಯಾಂಬಿಟ್ ಆಡಲಿಲ್ಲ, ಲಂಡನ್ ಸಿಸ್ಟಮ್ ಆಡಿದ. ಐದನೇ ನಡೆಗೆ ಕಪ್ಪು ಡಿ4ರಲ್ಲಿ ಹೊಡೆಯಿತು, ಡಿಂಗ್ ಇ ಪ್ಯಾದೆಯಿಂದ ಮರಳಿ ಹೊಡೆದ. ಆನೆ ಇ1ಕ್ಕೆ, ಕುದುರೆ ಇ5ಕ್ಕೆ. ಹದಿಮೂರನೇ ನಡೆ ಎ4, ಹದಿನಾರನೇ ನಡೆ ಎ5. ಫಿಶರನ ಹಾಗೆಯೇ ಆ ತುದಿಯ ಪ್ಯಾದೆ ಮೊದಲು ಹೊರಟಿತು. ಕಪ್ಪಿನ ಎ6, ಬಿ7 ಪ್ಯಾದೆಗಳು ಅಲ್ಲೇ ಕಟ್ಟಿಬಿದ್ದವು. ಈಗ ಬಿ5 ದೂಡಿದರೆ ದಾರಿಯಲ್ಲೇ ಹೊಡೆಯಬಹುದು. ಎಡಗಡೆ ಬಾಗಿಲು ಮುಚ್ಚಿದ ಮೇಲೆ ಒಂದು ಕುದುರೆ ಬಿ3ರಿಂದ ಸಿ5ಕ್ಕೆ ಹೋಯಿತು, ರಾಣಿ ಜಿ3ಕ್ಕೆ ಬಂದಳು, ಎಚ್ ಪ್ಯಾದೆ ಮೆಲ್ಲಗೆ ಎಚ್4, ಎಚ್5 ಏರಿತು.

ಆ ಆಟದ ಕೊನೆಯನ್ನು ಬೋರ್ಡ್ ಮೇಲೆ ನೀನೇ ಜೋಡಿಸು. ನಲವತ್ತೊಂದನೇ ನಡೆಗೆ ಡಿಂಗ್ ತನ್ನ ಡಿ4 ಪ್ಯಾದೆಯನ್ನು ಡಿ5ಕ್ಕೆ ದೂಡಿದ. ಮೂರು ನಡೆಯ ಮೇಲೆ, ಕುದುರೆ ಜಿ6ರಲ್ಲಿ, ರಾಣಿ ಎಫ್7ರಲ್ಲಿ ಇದ್ದಾಗ ಎದುರಾಳಿ ಆಟ ಬಿಟ್ಟ. ಯಾಕೆ? ರಾಣಿ ಜಿ8ರ ಆನೆಯನ್ನು ಹೊಡೆದು ಚೆಕ್ ಕೊಡುತ್ತಾಳೆ, ರಾಜ ಅವಳನ್ನು ಹೊಡೆಯುತ್ತಾನೆ, ಬಿಳಿ ಆನೆ ಎ8ಕ್ಕೆ ಬಂದು ಚೆಕ್. ರಾಜ ಎಚ್7ಕ್ಕೆ ಹೋದರೆ ಆನೆ ಎಚ್8ರಲ್ಲಿ ಮಾತ್. ಎಫ್7ಕ್ಕೆ ಬಂದರೆ ಆನೆ ಎಫ್8ರಲ್ಲಿ ಮಾತ್. ಅವನು ಓಡಿಹೋಗಬಹುದಾಗಿದ್ದ ಒಂದೇ ಮನೆ ಇ6. ಅದನ್ನು ಕಾಯುತ್ತಿದ್ದದ್ದು ಆ ಡಿ5 ಪ್ಯಾದೆ. ಆರನೇ ನಡೆಯಲ್ಲಿ ಇ ಸಾಲಿನಿಂದ ಹೊಡೆದು ಡಿ4ಕ್ಕೆ ಬಂದು, ನಲವತ್ತನೇ ನಡೆಯವರೆಗೂ ಅಲ್ಲೇ ನಿಂತಿದ್ದ ಪ್ಯಾದೆ. ಲಂಡನ್ನಿನಲ್ಲಿ ಗೆಲುವಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಈ ಸ್ಥಿತಿಯನ್ನು ಜೋಡಿಸಿ ತೋರಿಸುತ್ತೇನೆ.

ಈ ಎರಡು ಆಟಗಳನ್ನು ನೀನು ಬಾಯಿಪಾಠ ಮಾಡಬೇಕಾಗಿಲ್ಲ. ಎರಡರಲ್ಲೂ ಕೆಲಸ ನಡೆದ ಕ್ರಮವನ್ನು ನೋಡು: ಎದುರಾಳಿ ಎಲ್ಲಿ ಉಸಿರಾಡುತ್ತಾನೋ ಮೊದಲು ಅದನ್ನು ತಡೆದರು. ಆಮೇಲೆ ಒಂದು ಕುದುರೆಯನ್ನು ಯಾರೂ ಓಡಿಸಲಾಗದ ಮನೆಯಲ್ಲಿ ಕೂರಿಸಿದರು. ಅದಾದ ಮೇಲೆ ಮಾತ್ರ ರಾಜನ ಕಡೆಗೆ ಪ್ಯಾದೆ ದೂಡಿದರು. ನಮ್ಮ ಹುಡುಗರು ಮೂರನೆಯದನ್ನು ಮೊದಲು ಮಾಡಿ ಸೋಲುತ್ತಾರೆ. ನೀನು ಮೂರನೆಯದಕ್ಕೆ ಹೋಗುವುದೇ ಇಲ್ಲ.

ಕಪ್ಪಿನಲ್ಲಿ ನೀನು ಕಾರೋ-ಕಾನ್ ಆಡುವುದು ನನಗೆ ಬಹಳ ಸಂತೋಷ. ಹೊರಾಶಿಯೋ ಕಾರೋ, ಮಾರ್ಕಸ್ ಕಾನ್ ಎಂಬ ಇಬ್ಬರು 1886ರಲ್ಲಿ ಅದರ ವಿಶ್ಲೇಷಣೆ ಅಚ್ಚು ಮಾಡಿಸಿದರು, ಇವತ್ತಿಗೂ ಅದು ಅಲುಗಾಡಿಲ್ಲ. ನಮ್ಮ ಜಿಲ್ಲೆಯ ಟೂರ್ನಮೆಂಟುಗಳಲ್ಲಿ ಬಿಳಿಯವರು ಹೆಚ್ಚಾಗಿ ಡಿ5ರಲ್ಲಿ ಪ್ಯಾದೆ ಹೊಡೆದುಬಿಡುತ್ತಾರೆ, ಓದಿಕೊಂಡು ಬಂದಿರುವುದಿಲ್ಲವಲ್ಲ. ಆಗ ನಿನಗೆ ಮುಖ ಸಪ್ಪಗಾಗುತ್ತದೆ, ನಾನು ಗಮನಿಸಿದ್ದೇನೆ. ಸಪ್ಪಗಾಗಬೇಡ. ಪ್ಯಾದೆಗಳನ್ನು ನೋಡು. ನೀನು ಲಂಡನ್ನಿನಲ್ಲಿ ಕಟ್ಟುವ ಅದೇ ಆಕಾರ, ಈಗ ನೀನು ಆಚೆ ಕುರ್ಚಿಯಲ್ಲಿ ಕೂತಿದ್ದೀಯ. ಎದುರಾಳಿಗೆ ಏನು ಬೇಕು ಎಂಬುದು ಅವನಿಗಿಂತ ನಿನಗೇ ಹೆಚ್ಚು ಗೊತ್ತು: ಇ5ರ ಕುದುರೆ, ಡಿ3ರ ಒಂಟೆ. ಹಾಗಾದರೆ ನಿನ್ನ ಬಿಳಿ ಮನೆಯ ಒಂಟೆಯನ್ನು ಜಿ4ರಿಂದ ಎಚ್5, ಜಿ6 ದಾರಿಯಲ್ಲಿ ತಂದು ಆ ಡಿ3 ಒಂಟೆಯ ಜತೆ ಬದಲಾಯಿಸಿಕೊಳ್ಳಲು ನೋಡು. ಆಮೇಲೆ ನಿನ್ನ ಸ್ವಂತ ಯೋಜನೆ. ರಾಣಿಯ ಕಡೆ ನಿನಗೆ ಎರಡು ಪ್ಯಾದೆ, ಅವನಿಗೆ ಮೂರು. ಆ ಎರಡರಿಂದ ಮೂರರ ಮೇಲೆ ಹೋಗು. ಆನೆಯನ್ನು ಬಿ8ಕ್ಕೆ ತಂದು ಬಿ5, ಬಿ4. ಸಿ3ರಲ್ಲಿ ಪ್ಯಾದೆ ಅದಲುಬದಲಾದರೆ ಅವನ ಸಿ3 ಪ್ಯಾದೆಗೆ ಬೇರೆ ಪ್ಯಾದೆಯ ಆಸರೆ ಇಲ್ಲ. ತೆರೆದ ಸಿ ಸಾಲಿನಲ್ಲಿ ನಿನ್ನ ಆನೆಗಳು ಅದನ್ನೇ ನೋಡುತ್ತ ನಿಲ್ಲುತ್ತವೆ. ಕಡಿಮೆ ಪ್ಯಾದೆಯವರು ಹೆಚ್ಚಿನವರ ಮೇಲೆ ಹೋಗುವುದು ಮೊದಲ ನೋಟಕ್ಕೆ ವಿಚಿತ್ರ. ಆದರೆ ಉದ್ದೇಶ ಪ್ಯಾದೆ ಗೆಲ್ಲುವುದಲ್ಲ, ದುರ್ಬಲವಾದ ಒಂದು ಗುರಿ ಹುಟ್ಟಿಸುವುದು.

ವಜೀರನ ಗ್ಯಾಂಬಿಟ್ ಎಂದು ನಾವು ಕರೆಯುವ ಕ್ವೀನ್ಸ್ ಗ್ಯಾಂಬಿಟ್ಟನ್ನು ನಿರಾಕರಿಸಿದಾಗ, ಬಿಳಿ ಡಿ5ರಲ್ಲಿ ಹೊಡೆದು, ಕಪ್ಪು ಇ ಪ್ಯಾದೆಯಿಂದ ಮರಳಿ ಹೊಡೆದರೆ ಮತ್ತೆ ಅದೇ ಆಕಾರ, ಬಣ್ಣ ಅದಲುಬದಲು. ಈ ಸಲ ಬಿ4, ಬಿ5 ಓಡಿಸುವವನು ಬಿಳಿ, ಇ4ರಲ್ಲಿ ಕುದುರೆ ಕೂರಿಸುವವನು ಕಪ್ಪು. ಕಾರ್ಲ್ಸ್‌ಬಾಡ್ ರಚನೆ ಎಂದು ಪುಸ್ತಕಗಳಲ್ಲಿ ಇದಕ್ಕೆ ಹೆಸರಿದೆ. ಮೂರು ಓಪನಿಂಗ್, ಎರಡು ಬಣ್ಣ, ಒಂದೇ ರಚನೆ. ಇದನ್ನು ಒಮ್ಮೆ ಆಳವಾಗಿ ಕಲಿತೆಯಾದರೆ ನಿನ್ನ ಅರ್ಧದಷ್ಟು ಆಟಗಳಲ್ಲಿ ಹತ್ತನೇ ನಡೆಯಿಂದ ಮುಂದೆ ಕತ್ತಲೆಯಲ್ಲಿ ತಡಕಾಡಬೇಕಾಗಿಲ್ಲ. ಬೆಂಗಳೂರಿನ ಮಕ್ಕಳಿಗೆ ಇರುವ ಕೋಚಿಂಗ್ ನಮಗಿಲ್ಲ ಎಂದು ನಿಮ್ಮಪ್ಪ ಚಿಂತೆ ಮಾಡುತ್ತಾರೆ. ಆ ಚಿಂತೆಯಲ್ಲಿ ಹುರುಳಿದೆ, ವಿಜಯಪುರದಿಂದ ಬೆಂಗಳೂರು ಐನೂರು ಕಿಲೋಮೀಟರಿಗೂ ಹೆಚ್ಚು ದೂರ. ಆದ್ದರಿಂದಲೇ ಹೇಳುತ್ತೇನೆ, ಹತ್ತು ಓಪನಿಂಗಿನ ಹಿಂದೆ ಓಡುವಷ್ಟು ಸಮಯ ನಿನಗಿಲ್ಲ. ಒಂದು ರಚನೆಯ ಒಳಹೊರಗು ಕಲಿಯಲು ಬೇಕಾದದ್ದೆಲ್ಲ ನಿನ್ನ ಮನೆಯಲ್ಲೇ ಇದೆ.

ಗಟ್ಟಿ ಓಪನಿಂಗುಗಳಲ್ಲಿ ಡ್ರಾ ಹೆಚ್ಚು ಎಂಬ ಮಾತು ಪೂರ್ತಿ ಸುಳ್ಳೂ ಅಲ್ಲ, ಅದನ್ನು ಮುಚ್ಚಿಡುವುದಿಲ್ಲ. 1927ರಲ್ಲಿ ಬ್ಯೂನಸ್ ಐರಿಸಿನಲ್ಲಿ ಕಾಪಾಬ್ಲಾಂಕಾ ಮತ್ತು ಅಲೆಖೈನ್ ಆಡಿದ 34 ಆಟಗಳಲ್ಲಿ 32 ಈ ನಿರಾಕರಿಸಿದ ಕ್ವೀನ್ಸ್ ಗ್ಯಾಂಬಿಟ್ಟೇ, ಮತ್ತು ಒಟ್ಟು 25 ಡ್ರಾ. ಆದರೆ ಅವರಿಬ್ಬರೂ ಎದುರಾಳಿಯ ಯೋಜನೆಯನ್ನು ಹುಟ್ಟುವ ಮೊದಲೇ ಕಾಣಬಲ್ಲವರು. ನಿನ್ನ ಎದುರು ಕೂರುವವರು ಅಂಥವರಲ್ಲ. ನಮ್ಮ ಮಟ್ಟದಲ್ಲಿ ಹದಿನೈದನೇ ನಡೆಗೆ ಯೋಜನೆ ಇರುವವನೇ ಮುಂದೆ.

ಕಪ್ಪಿನಲ್ಲಿ ಗಟ್ಟಿಯಾಗಿ ಆಡಿ ಗೆಲ್ಲುವುದು ಹೇಗೆ ಎಂದರೆ ನನಗೆ ಮೊದಲು ನೆನಪಾಗುವುದು ವಿಶ್ವನಾಥನ್ ಆನಂದ್. 2010ರ ಮೇ 11, ಸೋಫಿಯಾ. ಟೊಪಾಲೊವ್ ಜತೆ ವಿಶ್ವ ಚಾಂಪಿಯನ್‌ಶಿಪ್ಪಿನ ಹನ್ನೆರಡನೇ, ಕೊನೆಯ ಆಟ. ಇಬ್ಬರಿಗೂ ಐದೂವರೆ ಅಂಕ. ಟೊಪಾಲೊವನ ಸ್ವಂತ ದೇಶ, ಬಿಳಿ ಕಾಯಿ. ಆನಂದ್ ಕ್ವೀನ್ಸ್ ಗ್ಯಾಂಬಿಟ್ ನಿರಾಕರಿಸಿ, ನೂರು ವರ್ಷ ಹಳೆಯದಾದ ಲಾಸ್ಕರ್ ದಾರಿ ಹಿಡಿದರು. ಏಳನೇ ನಡೆಗೆ ಕುದುರೆ ಇ4ಕ್ಕೆ, ಒಂಟೆ ಒಂಟೆ ಬದಲು, ಕುದುರೆ ಕುದುರೆ ಬದಲು. ನೋಡುವವರಿಗೆ ಇನ್ನೇನು ಡ್ರಾ. ಸಾಲದ್ದಕ್ಕೆ ಆನಂದರಿಗೆ ಸಿ5ರಲ್ಲಿ ಆಸರೆಯಿಲ್ಲದ ಒಂದು ಪ್ಯಾದೆ ಬೇರೆ. ಆದರೆ ಅದರ ಬೆಲೆಯಾಗಿ ಅವರಿಗೆ ಸಿಕ್ಕದ್ದು ಬಿ7ರಿಂದ ಬಿಳಿ ರಾಜನವರೆಗಿನ ಉದ್ದನೆಯ ಓರೆ ದಾರಿ. ಒಂಟೆ ಎ6ಕ್ಕೆ ಹೋಯಿತು, ಡಿ3ಕ್ಕೆ ಹೋಯಿತು, ಬಿ7ಕ್ಕೆ ಬಂತು, ಕಡೆಗೆ ಮೂಲೆಯ ಎ8ರಲ್ಲಿ ಕೂತಿತು. ಆನೆಗಳು ಡಿ ಸಾಲಿಗೆ ಬಂದವು. ಅವಸರವಿಲ್ಲ. ಟೊಪಾಲೊವನ ಕುದುರೆ ಬಿ3, ಎ5, ಸಿ4 ಎಂದು ಎಡಗಡೆ ಅಲೆದ ಹೊತ್ತಿಗೆ, ಇಪ್ಪತ್ತೊಂಬತ್ತನೇ ನಡೆಗೆ ಇ5, ಮೂವತ್ತಕ್ಕೆ ಎಫ್5, ಮೂವತ್ತೊಂದಕ್ಕೆ ಇ4. ಮೂವತ್ತೆರಡನೇ ನಡೆಗೆ ಟೊಪಾಲೊವ್ ಆ ಪ್ಯಾದೆಯನ್ನು ಹೊಡೆದ, ಓರೆ ದಾರಿ ರಾಜನವರೆಗೆ ತೆರೆಯಿತು. ರಾಣಿ ಇ4ರಲ್ಲಿ ಚೆಕ್, ಬಿಳಿ ರಾಜ ಎಚ್3ಕ್ಕೆ ಓಡಿದ, ಅಲ್ಲಿಂದ ಆತ ಚೇತರಿಸಿಕೊಳ್ಳಲಿಲ್ಲ. ಆನಂದ್ ಚಾಂಪಿಯನ್ ಆಗಿಯೇ ಉಳಿದರು.

ಇಪ್ಪತ್ತೊಂದರಿಂದ ಇಪ್ಪತ್ತೆಂಟನೇ ನಡೆಯವರೆಗೆ ಆ ಒಂಟೆ ತಿರುಗಾಡಿದ್ದನ್ನು ನಿನ್ನ ಆನೆ ಇ1, ಡಿ1, ಇ1 ತಿರುಗಿದ್ದರ ಪಕ್ಕ ಇಟ್ಟು ನೋಡು. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ. ಆನಂದ್ ಕಾಯುತ್ತಿದ್ದದ್ದು ಬಿಳಿ ಕುದುರೆ ರಾಜನಿಂದ ದೂರ ಹೋಗುವ ಗಳಿಗೆಗಾಗಿ. ಯಾವ ಪ್ಯಾದೆ ಯಾವಾಗ ದೂಡಬೇಕು ಎಂಬುದು ಕೈಯಲ್ಲಿತ್ತು. ನೀನು ಆನೆ ತಿರುಗಿಸುವಾಗ ಏನಕ್ಕೆ ಕಾಯುತ್ತಿದ್ದೆ ಎಂದು ಕೇಳಿದರೆ ಹೇಳಬಲ್ಲೆಯಾ? ಅದೊಂದನ್ನು ಹೇಳಲು ಬಂದರೆ ಸಾಕು, ತಿರುಗಾಟವೂ ಯೋಜನೆಯೇ.

ನಮ್ಮ ಹಿರಿಯರ ಬುದ್ಧಿಬಲದ ಬಗ್ಗೆ ಒಂದು ಮಾತು ಸೇರಿಸಬೇಕು. ಈ ಆಟ ನಮಗೆ ಹೊರಗಿನಿಂದ ಬಂದ ಹೊಸ ಆಟವಲ್ಲ. ನಮ್ಮ ನೆಲವನ್ನು ಆಳಿದ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ ಮಾನಸೋಲ್ಲಾಸದಲ್ಲೇ, ಹನ್ನೆರಡನೇ ಶತಮಾನದಲ್ಲೇ, ಚತುರಂಗದ ವಿವರ ಇದೆ. ನನ್ನ ಎಳವೆಯಲ್ಲಿ ಕಟ್ಟೆಯ ಮೇಲೆ ಆಡುತ್ತಿದ್ದ ಮುದುಕರು ಹಳೆಯ ನೇಮದಲ್ಲೇ ಆಡುತ್ತಿದ್ದರು: ಪ್ಯಾದೆಗೆ ಮೊದಲ ನಡೆಯಲ್ಲೂ ಒಂದೇ ಮನೆ, ಕ್ಯಾಸಲಿಂಗಿನ ಬದಲು ರಾಜನಿಗೆ ಒಮ್ಮೆ ಕುದುರೆಯ ಹಾರು. ಪ್ಯಾದೆ ಒಂದೊಂದೇ ಮನೆ ನಡೆದರೆ ಹೊಡೆದಾಟ ತಡವಾಗುತ್ತದೆ, ಮೊದಲು ಕೋಟೆ ಕಟ್ಟಿ ಆಮೇಲೆ ಹೊರಡುವುದು ಅವರಿಗೆ ರಕ್ತದಲ್ಲೇ ಇತ್ತು. ಇಂಥದೇ ನೇಮದಲ್ಲಿ ಬೆಳೆದವನು ಪಂಜಾಬಿನ ಮೀರ್ ಸುಲ್ತಾನ್ ಖಾನ್. 1929ರಲ್ಲಿ ಇಂಗ್ಲೆಂಡಿಗೆ ಹೋದಾಗ ಆತನಿಗೆ ಓಪನಿಂಗ್ ಪುಸ್ತಕಗಳ ಪರಿಚಯವೇ ಇರಲಿಲ್ಲ. ಅದೇ ವರ್ಷ ಬ್ರಿಟಿಷ್ ಚಾಂಪಿಯನ್ ಆದ, 1932, 1933ರಲ್ಲೂ ಆದ. 1930ರ ಕೊನೆಗೆ ಶುರುವಾದ ಹೇಸ್ಟಿಂಗ್ಸ್ ಟೂರ್ನಮೆಂಟಿನಲ್ಲಿ ಕಾಪಾಬ್ಲಾಂಕಾನನ್ನೇ ಸೋಲಿಸಿದ. ಆ ಆಟದ ಐದನೇ ನಡೆ ಎ3. ಎದುರಾಳಿಯ ಒಂಟೆ ಬಿ4ಕ್ಕೆ ಬರದಂತೆ ತಡೆಯುವ ಒಂದು ಸಣ್ಣ, ಶಾಂತ ಪ್ಯಾದೆ ನಡೆ. ಮುಂದೆ ಪೆಟ್ರೋಸಿಯನ್ ಅದನ್ನು ಬಳಸಿದ, ಕಾಸ್ಪರೊವ್ ಅದರಿಂದ ಎಷ್ಟೋ ಆಟ ಗೆದ್ದ. ಆ ಕಟ್ಟೆಯ ಮುದುಕರ ತಾಳ್ಮೆಯನ್ನು ಹಳೆಯ ಕಾಲದ್ದು ಎಂದು ಬದಿಗಿಡಬೇಡ. ಅದರಲ್ಲಿ ಹಲ್ಲು ಇತ್ತು.

ಇನ್ನು ಅಭ್ಯಾಸದ ಮಾತು. ಕಾಯಿಗಳನ್ನೆಲ್ಲ ತೆಗೆದು ಆ ರಚನೆಯ ಪ್ಯಾದೆಗಳನ್ನಷ್ಟೇ ಬೋರ್ಡ್ ಮೇಲೆ ಇಡು. ಯಾವ ಮನೆಗೆ ನನ್ನ ಕುದುರೆ ಬೇಕು, ಯಾವ ಒಂಟೆಯನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಕೊಟ್ಟರೆ ಲಾಭ ಎಂದು ಬಾಯಿಬಿಟ್ಟು ಹೇಳಿಕೋ. ಆಮೇಲೆ ಕಾಯಿಗಳನ್ನು ಇಡು. ಬಬಲೇಶ್ವರದ ಹುಡುಗನ ಜತೆ ಆಡುವಾಗ ಮೊದಲ ನಡೆಯಿಂದ ಶುರು ಮಾಡದೆ ಈ ಸ್ಥಿತಿಯಿಂದಲೇ ಶುರು ಮಾಡಿ. ಒಂದು ಆಟ ನೀನು ಬಿಳಿ, ಇನ್ನೊಂದು ಅವನು. ಅವನಿಗೆ ದಾಳಿ ಚೆನ್ನಾಗಿ ಗೊತ್ತು, ಎಫ್5 ದೂಡಲು ಹೊತ್ತು ಯಾವುದು ಎಂದು ಅವನಿಂದ ಕಲಿ. ಎದುರಾಳಿ ಮುರಿಯದಿದ್ದಾಗ ಮುಂದೇನು ಎಂದು ಅವನು ನಿನ್ನಿಂದ ಕಲಿಯಲಿ. ಗ್ಯಾಂಬಿಟ್ ತಿಳಿದವನ ಎದುರು ಅವನು ಹೇಗೆ ಬರಿಗೈಯಾಗುತ್ತಾನೆ ಎಂದು ನೀನೇ ಕೊನೆಯ ಸುತ್ತಿನಲ್ಲಿ ನೋಡಿದೆಯಲ್ಲ.

ಕಂಪ್ಯೂಟರಿನ ಅಂಕಿ ಆಮೇಲೆ ನೋಡು. ಸೊನ್ನೆ ಬಿಂದು ಸೊನ್ನೆ ಎಂದು ಅದು ತೋರಿಸಿದರೆ ಇಬ್ಬರೂ ತಪ್ಪಿಲ್ಲದೆ ಆಡಿದರೆ ಸಮ ಎಂದಷ್ಟೇ ಅರ್ಥ. ತಪ್ಪಿಲ್ಲದೆ ಆಡುವವರು ನಮ್ಮ ಆಟದ ಹಾಲ್‌ನಲ್ಲಿ ಯಾರಿದ್ದಾರೆ?

ಆಟದ ನಡುವೆ ಒಂದು ನಿಯಮ ಇಟ್ಟುಕೋ. ಕ್ಯಾಸಲಿಂಗ್ ಆಗಿ ಕಾಯಿಗಳೆಲ್ಲ ಹೊರಬಂದ ಕೂಡಲೇ ಕೈ ಕಟ್ಟಿ ಕೂತು ಮೂರು ನಿಮಿಷ ಕೊಡು. ಅರ್ಧ ಗಂಟೆಯ ಆಟದಲ್ಲೂ ಕೊಡು, ಈಗ ನೀನು ಗಡಿಯಾರದಲ್ಲಿ ಹನ್ನೆರಡು ನಿಮಿಷ ಉಳಿಸಿಕೊಂಡು ಡ್ರಾ ಮಾಡುತ್ತಿದ್ದೀಯ. ಮತ್ತೆ, ಯಾವ ಅದಲುಬದಲಿಗೂ ಮೊದಲು, ಇದು ಹೋದ ಮೇಲೆ ನನ್ನ ಯೋಜನೆ ಉಳಿಯುತ್ತದೋ ಇಲ್ಲವೋ ಎಂದು ಕೇಳಿಕೋ. ಅಂಜಿಕೆಯಿಂದ ಕಾಯಿ ಬದಲಾಯಿಸಬೇಡ. ಎದುರು ಕೂತವರು ದೊಡ್ಡ ರೇಟಿಂಗಿನವರಾದರೆ ನಿನಗೆ ಬೇಗ ಮುಗಿಸಿಬಿಡುವ ಆಸೆ ಬರುತ್ತದೆ, ಅದೂ ಸ್ಕೋರ್‌ಶೀಟಿನಲ್ಲಿ ಕಾಣುತ್ತದೆ. ಅವರಿಗೂ ಸಿ3 ಪ್ಯಾದೆ ದುರ್ಬಲವೇ, ಅವರ ರಾಜನಿಗೂ ಇ6 ಬೇಕೇ ಬೇಕು.

ಮೈಸೂರಿನ ತೇಜ್‌ಕುಮಾರ್ ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದದ್ದು 2017ರಲ್ಲಿ, ವಯಸ್ಸು ಮೂವತ್ತು ದಾಟಿದ ಮೇಲೆ. ನಿನಗೆ ಇನ್ನೂ ಪಿಯುಸಿ ಆಗಿಲ್ಲ. ವರ್ಷಕ್ಕೊಂದು ಓಪನಿಂಗ್ ಬದಲಿಸಬೇಕಾದ ತುರ್ತು ಏನೂ ಇಲ್ಲ. ಈ ವರ್ಷ ಈ ಒಂದು ರಚನೆ. ಬಿಳಿಯಲ್ಲಿ ಲಂಡನ್, ಕಪ್ಪಿನಲ್ಲಿ ಕಾರೋ-ಕಾನ್. ಕಪ್ಪಿನವನು ಜಿ6 ಆಡಿ ಒಂಟೆಯನ್ನು ಜಿ7ರಲ್ಲಿಟ್ಟರೆ ಆಟ ಬೇರೆ ದಾರಿಗೆ ಹೋಗುತ್ತದೆ, ಅದಕ್ಕೆ ಸದ್ಯ ಎಚ್3 ಹಾಕಿ ನಿನ್ನ ಒಂಟೆಗೆ ಹಿಂದೆ ಸರಿಯಲು ಜಾಗ ಮಾಡಿಕೊಂಡರೆ ಸಾಕು, ಉಳಿದದ್ದು ಎದುರಿಗೆ ಕೂತು ಹೇಳುತ್ತೇನೆ.

ಬೇಸಿಗೆಯಲ್ಲಿ ಸಾಂಗ್ಲಿಗೆ ಹೋಗೋಣ. ನಿಮ್ಮ ಒಣದ್ರಾಕ್ಷಿ ಮಾರಾಟಕ್ಕೆ ಹೋಗುವ ದಾರಿಯೇ ಅದು, ಅಥಣಿ, ಮಿರಜ್ ದಾಟಿದರೆ ಆಯಿತು. ಭಾವುಸಾಹೇಬ ಪಡಸಲಗೀಕರ್ ಕಟ್ಟಿ ಬೆಳೆಸಿದ ನೂತನ ಬುದ್ಧಿಬಲ ಮಂಡಳ ಅಲ್ಲಿದೆ. ಮಹಿಳಾ ಗ್ರ್ಯಾಂಡ್‌ಮಾಸ್ಟರ್ ಸ್ವಾತಿ ಘಾಟೆ ಆ ಊರಿನವರು. ನಮ್ಮ ಭಾಗದ ಮಕ್ಕಳು ಬೆಂಗಳೂರಿನ ಕಡೆಗೇ ನೋಡುತ್ತ ಕೂತು, ಮಗ್ಗುಲಲ್ಲಿರುವ ಈ ಊರನ್ನು ಮರೆಯುತ್ತಾರೆ. ಅಲ್ಲಿ ನಿನಗೆ ಎದುರಾಗುವವರು ಹದಿನೈದು ನಡೆಗೆ ಮುರಿಯುವವರಲ್ಲ, ನಲವತ್ತರವರೆಗೂ ಗಟ್ಟಿಯಾಗಿ ಕೂರುವವರು. ನಿನ್ನ ಇ5 ಕುದುರೆಗೆ, ಬಿ4 ಪ್ಯಾದೆಗೆ ಅಲ್ಲಿ ನಿಜವಾದ ಪರೀಕ್ಷೆ. ಖರ್ಚಿನ ಬಗ್ಗೆ, ಜತೆಗೆ ಯಾರು ಬರಬೇಕು ಎಂಬುದರ ಬಗ್ಗೆ ನೀನು ತಲೆ ಕೆಡಿಸಿಕೊಳ್ಳಬೇಡ. ನಿಮ್ಮಪ್ಪ ಸಂತೆಗೆ ಬಂದಾಗ ನಾನೇ ಮಾತಾಡುತ್ತೇನೆ. ಅಷ್ಟರೊಳಗೆ ಫಿಶರನ ಆಟವನ್ನೂ ಡಿಂಗನ ಆಟವನ್ನೂ ಬೋರ್ಡ್ ಮೇಲೆ ಆಡಿ, ಎ4 ಯಾಕೆ ಎಂಬುದನ್ನು ನಿನ್ನ ಮಾತಿನಲ್ಲಿ ಒಂದು ಪುಟ ಬರೆದು ತಾ.

ನಿನ್ನ ಕಾಕಾ,
ವಿಜಯಪುರ